ಬೀಗರ ಮದುವೆ ಕುದುರೆ ಪೀಪಾಯಿ ಸುತ್ತಿದ್ದು

ಮೊನ್ನೆಯಿಂದ ನನ್ನ ಕೊರಳಲ್ಲಿ ಒಂದು ಮೆಡಲ್ ನೇತಾಡುತ್ತಿದೆ. ನೀಲಿ ರಿಬ್ಬನ್ನು, ಅದರ ತುದಿಗೆ ಅಂಗೈಯಗಲದ ಕಂಚಿನ ಬಿಲ್ಲೆ, ಬಿಲ್ಲೆಯ ಮೇಲೆ ಓಡುವ ಕುದುರೆ. ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವವಳು ನೋಡಿ, "ಈ ವಯಸ್ಸಲ್ಲಿ ಯಾವ ಓಟ ಓಡ್ಬುಟ್ಟು ಬಂದೆ ಅಜ್ಜಮ್ಮ?" ಅಂತ ಕೇಳಿದಳು. ಪಾಪ, ಕೇಳಬಾರದಿತ್ತು. ನಾನು ಉತ್ತರ ಮುಗಿಸುವಷ್ಟರಲ್ಲಿ ಕೊರಟಗೆರೆಯ ಎರಡು ಬಸ್ಸು ಹೋದವು. ಎರಡರಲ್ಲೂ ಅವಳ ಗಿರಾಕಿಗಳಿದ್ದರು.

ಮೆಡಲ್ ಗೆದ್ದವಳು ನನ್ನ ಮಗಳ ಮಗಳು ಸಿಂಚನ, ಮನೆಯವರ ಬಾಯಲ್ಲಿ ಸಿಂಚು. ಅವಳನ್ನು ಬೆನ್ನ ಮೇಲೆ ಹೊತ್ತು ಓಡಿದವಳು ಅಮ್ಮಣ್ಣಿ ಎಂಬ ಬಿಳಿ ಕುದುರೆ. ಇಬ್ಬರನ್ನೂ ತಿದ್ದಿ ತೀಡಿದವರು ನಮ್ಮ ಬೀಗರು, ಅಂದರೆ ನನ್ನ ಮಗಳ ಮಾವ. ಅವರು ಈಗಿಲ್ಲ. ಈ ಎಲ್ಲದರಲ್ಲಿ ನಾನು ಮಾಡಿದ ಕೆಲಸ ಅಡ್ಡ ನಿಂತದ್ದು ಮಾತ್ರ. ಆದರೂ ಮೆಡಲ್ ಬಂದು ನನ್ನ ಕೊರಳಿಗೇ ಬಿದ್ದಿದೆ. ಅದು ಹೇಗೆ ಅಂತ ಹೇಳಬೇಕಾದರೆ ಮೊದಲು ಬೀಗರನ್ನು ಹೇಳಬೇಕು.

ಅವರ ಹೆಸರನ್ನು ಮಾತ್ರ ಬರೆಯಲಾರೆ. ಬೀಗರನ್ನು ಹೆಸರು ಹಿಡಿದು ಕರೆಯುವ ರೂಢಿ ನಮ್ಮಲ್ಲಿಲ್ಲ. ಇದ್ದಾಗ ಒಂದು ಸಲವೂ ಬಾಯಿಗೆ ತಾರದ ಹೆಸರನ್ನು ಹೋದ ಮೇಲೆ ಬರೆದರೆ, ಅಲ್ಲಿಂದಲೇ ಎದ್ದು ಬಂದು, "ಏನ್ ಬೀಗ್ತಮ್ಮ, ಸಲಿಗೆ ಜಾಸ್ತಿ ಆದಂಗೈತೆ" ಅಂದುಬಿಟ್ಟಾರು.

ಅವರು ಹುಟ್ಟಿದ್ದು ಪಾವಗಡದ ಕಡೆ, ನಾಗಲಮಡಿಕೆಯ ಹತ್ತಿರ. ಮದುವೆಯಾದ ಮೇಲೆ ಹೆಂಡತಿಯ ಊರಿಗೇ ಬಂದು ತೋವಿನಕೆರೆ ಪಕ್ಕದ ಹಳ್ಳಿಯಲ್ಲಿ ನಿಂತರು. ಕಸುಬು ಮದುವೆ ಕುದುರೆಯದು. ಮದುಮಗನನ್ನು ಕುದುರೆಯ ಮೇಲೆ ಕೂರಿಸಿ, ಮುಂದೆ ಬ್ಯಾಂಡಿನವರನ್ನು ಬಿಟ್ಟು, ಚೌಲ್ಟ್ರಿಯ ಬಾಗಿಲ ತನಕ ಮೆರವಣಿಗೆ ನಡೆಸುವುದು. ಶಿರಾ, ಮಧುಗಿರಿ, ಪಾವಗಡ, ಕೊರಟಗೆರೆ, ಈ ನಾಲ್ಕು ತಾಲ್ಲೂಕಿನ ಅರ್ಧಕ್ಕರ್ಧ ಗಂಡಸರು ಒಂದಲ್ಲ ಒಂದು ದಿನ ಅವರ ಕುದುರೆಯ ಮೇಲೆ ಕೂತು ನಡುಗಿದವರೇ. ಬೀಗರು ಬಿಳಿ ಪಂಚೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕುತ್ತಿದ್ದರು. ಮೀಸೆಯೂ ಬಿಳಿ. ಕುದುರೆಯೂ ಬಿಳಿ. ದೂರದಿಂದ ನೋಡಿದರೆ ಇಬ್ಬರೂ ಒಂದೇ ಮನೆಯವರ ಹಾಗೆ ಕಾಣುತ್ತಿದ್ದರು.

ಮಗಳಿಗೆ ಆ ಸಂಬಂಧ ಬಂದಾಗ ಬೇಡವೆಂದವಳು ನಾನೊಬ್ಬಳೇ. ಹುಡುಗನ ಮೇಲೆ ದೂರಿರಲಿಲ್ಲ, ಮನೆಯ ಮೇಲೂ ಇರಲಿಲ್ಲ. ಮನೆಯಲ್ಲಿ ಕುದುರೆ ಇತ್ತು, ನನಗೆ ಕುದುರೆಯೆಂದರೆ ಪ್ರಾಣಭಯ. ಎಮ್ಮೆ, ಹೋರಿ, ಟಗರು, ಎಲ್ಲದರ ಜೊತೆಗೂ ಬೆಳೆದವಳು ನಾನು. ಆದರೆ ಕುದುರೆಗೆ ಹಿಂದೆ ನಿಂತರೆ ಕಾಲು, ಮುಂದೆ ನಿಂತರೆ ಹಲ್ಲು. ಎಲ್ಲಿ ನಿಲ್ಲಬೇಕು ಅಂತಲೇ ನನಗೆ ತಿಳಿಯುತ್ತಿರಲಿಲ್ಲ. ಮದುವೆಯ ದಿನ ಅಳಿಯ ಕುದುರೆಯ ಮೇಲೆಯೇ ಬಂದ. ಆಗ ಇದ್ದದ್ದು ಅಮ್ಮಣ್ಣಿಯ ತಾಯಿ. ಬೀಗರ ಕಾಲಿಗೆ ನೀರು ಕೊಡಲು ನಾನು ತುಂಬಿದ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಕುದುರೆ ಒಮ್ಮೆ ಜೋರಾಗಿ ಸೀನಿತು. ನಾನು ತಂಬಿಗೆಯ ಅಷ್ಟೂ ನೀರನ್ನು ಬೀಗರ ಎದೆಗೆ ಎರಚಿ, ಬೊಬ್ಬೆ ಹೊಡೆದು, ವಾಲಗದವರ ನಡುವೆ ನುಗ್ಗಿ ಓಡಿದೆ. ಹೆಣ್ಣಿನ ತಾಯಿ ಓಡಿಹೋದಳು ಅಂತ ಜನ ಬಹಳ ಕಾಲ ಆಡಿಕೊಂಡರು. ಬೀಗರು ಮೀಸೆಯ ನೀರು ಒರೆಸಿಕೊಂಡು ಅಂದದ್ದು ಇಷ್ಟೇ: "ಸ್ನಾನ ಆಯ್ತು ಬೀಗ್ತಮ್ಮ. ಇನ್ನು ಊಟಕ್ಕೆ ಏಳ್ರಿ ಅನ್ನಿ."

ಅವರಿಗೆ ಒಂದು ಅಭ್ಯಾಸವಿತ್ತು. ಯಾರ ಮುಂದೆಯೂ ನಡೆಯುತ್ತಿರಲಿಲ್ಲ, ಯಾರ ಹಿಂದೆಯೂ ನಡೆಯುತ್ತಿರಲಿಲ್ಲ. ಕುದುರೆಯ ಎಡಭುಜದ ಪಕ್ಕ ನಡೆದೂ ನಡೆದೂ ಮನುಷ್ಯರ ಜೊತೆಗೂ ಅದೇ ರೂಢಿಯಾಗಿಬಿಟ್ಟಿತ್ತು. ನನ್ನನ್ನು ಬಸ್ಸಿಗೆ ಬಿಡಲು ಬಂದರೆ ನನ್ನ ಎಡಕ್ಕೇ ಬರುವರು, ಬಲಗೈ ಅರ್ಧ ಎತ್ತಿಕೊಂಡಿರುವರು, ಲಗಾಮು ಹಿಡಿದ ಹಾಗೆ. ಒಂದು ಸಲ ದಾರಿಯಲ್ಲಿ ಗುಂಡಿ ಬಂತು. ಬೀಗರು ನಾಲಗೆಯಲ್ಲಿ 'ಟಕ್' ಅಂತ ಸದ್ದು ಮಾಡಿದರು. ನಾನು ಏನೂ ಯೋಚಿಸದೆ ಗುಂಡಿ ದಾಟಿ ಹಾರಿದೆ. ಹಾರಿದ ಮೇಲೆ ಇಬ್ಬರಿಗೂ ನಾಚಿಕೆಯಾಯಿತು. ನನಗೆ ಹುರುಳಿ ತಿನ್ನಿಸುವುದೊಂದು ಬಾಕಿ ಇತ್ತು.

ಮನುಷ್ಯರ ಜೊತೆ ಅವರದು ಕನ್ನಡ, ಕುದುರೆಯ ಜೊತೆ ತೆಲುಗು. ಕುದುರೆಯನ್ನೇ ಆದರೂ ಬೈಯುವಾಗ ಕನ್ನಡಕ್ಕೆ ಬರುತ್ತಿದ್ದರು. ತೆಲುಗನ್ನು ಮುದ್ದಿಗೆ ಅಂತಲೇ ಎತ್ತಿಟ್ಟುಕೊಂಡಿದ್ದರು ಅಂತ ಕಾಣುತ್ತದೆ. ಹೆಂಡತಿ ತೀರಿಕೊಂಡ ಮೇಲೆ ಅದನ್ನು ಕೇಳುವವಳು ಅಮ್ಮಣ್ಣಿ ಒಬ್ಬಳೇ ಆದಳು.

ಇನ್ನೊಂದು ಸಂಗತಿ ನನ್ನ ಮಗಳು ಹೇಳಿದ್ದು. ಒಂದೂರಿನಲ್ಲಿ ಕೆಳಗಿನ ಕೇರಿಯ ಹುಡುಗನ ಮದುವೆ. ಕುದುರೆ ಹೋಗಿ ನಿಂತಾಗ ಊರಿನ ನಾಲ್ಕು ಮಂದಿ ದೊಡ್ಡವರು ಬಂದು, ಊರಬೀದಿಯಲ್ಲಿ ಬೇಡ, ಹಿಂದಿನ ಓಣಿಯಲ್ಲಿ ಬೇಗ ಕರೆದುಕೊಂಡು ಹೋಗಿ ಮುಗಿಸಿಬಿಡು ಅಂದರಂತೆ. ಬೀಗರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಯಾರು ಕುಂತ್ರೂ ಇದ್ರ ಬೆನ್ನಿಗೆ ಭಾರ ಒಂದೇಯ. ಇದಕ್ಕೆ ಬೇಗ ನಡ್ಯಾದು ಬರಾಕಿಲ್ಲ ಸ್ವಾಮಿ, ನಾನು ಕಲ್ಸೇ ಇಲ್ಲ" ಅಂತ ಹೇಳಿ, ಊರಬೀದಿಯಲ್ಲೇ, ಎಂದಿಗಿಂತ ಇನ್ನೂ ನಿಧಾನವಾಗಿ, ಆ ನಾಲ್ವರ ಜಗಲಿಯ ಮುಂದೆ ಒಂದೊಂದು ಕುಣಿತ ಹಾಕಿಸಿಕೊಂಡೇ ಹೋದರಂತೆ.

ಬೇಗ ನಡೆಯಲು ಕಲಿಸಿಲ್ಲ ಅಂದದ್ದು ನಿಜ. ಅಮ್ಮಣ್ಣಿ ಹುಟ್ಟಿದಾಗಿನಿಂದ ನಡೆದದ್ದೆಲ್ಲ ಮೆರವಣಿಗೆ. ಕೊರಳಿಗೆ ಹಾರ ಬಿತ್ತೆಂದರೆ ತಲೆ ಬಾಗಿಸಿ, ಎತ್ತಿದ ಕಾಲನ್ನು ಅರೆಗಳಿಗೆ ಗಾಳಿಯಲ್ಲೇ ಇಟ್ಟುಕೊಂಡು, ಮೆಲ್ಲಗೆ ಊರುವುದು. ಪಟಾಕಿ ಕಿವಿಯ ಪಕ್ಕ ಸಿಡಿದರೂ ಅದೇ ನಡಿಗೆ. ಚೌಲ್ಟ್ರಿಯ ಬಾಗಿಲಿಗೆ ಬಂದು ಮದುಮಗ ಇಳಿದ ಮೇಲೆ, ಗಂಡಿನ ಕಡೆಯ ಒಬ್ಬ ಮುತ್ತೈದೆಯೋ ಹಿರಿಯಳೋ ಹಾರ ತೆಗೆದು ಬೆಲ್ಲ ತಿನ್ನಿಸಬೇಕು. ಅದು ಬೀಗರ ಕಟ್ಟುನಿಟ್ಟು. ಹಾರ ತೆಗೆದ ಕೂಡಲೇ ಅವರು ಕಿವಿಯಲ್ಲಿ "ಪದಮ್ಮಾ, ಇಂಟಿಕಿ" ಅನ್ನುವರು. ನಡಿಯಮ್ಮಾ ಮನೆಗೆ ಅಂತ.

ಹೀಗಿರುವ ಕುದುರೆಯನ್ನು ನನ್ನ ಮೊಮ್ಮಗಳು ಓಡಿಸುತ್ತೇನೆ ಅಂತ ಹೊರಟಳು. ಎಲ್ಲಾ ಆ ಮೊಬೈಲಿನಿಂದ. ಅದರಲ್ಲಿ ಯಾವುದೋ ದೇಶದ ಹೆಣ್ಣುಮಕ್ಕಳು ಅಗಲವಾದ ಟೋಪಿ ಹಾಕಿಕೊಂಡು, ಮೈದಾನದಲ್ಲಿಟ್ಟ ಮೂರು ಪೀಪಾಯಿಗಳನ್ನು ಕುದುರೆಯ ಮೇಲೆ ಸುತ್ತುತ್ತಿದ್ದರು. ಒಂದನ್ನು ಬಲಕ್ಕೆ, ಇನ್ನೊಂದನ್ನು ಎಡಕ್ಕೆ, ತುದಿಯದ್ದನ್ನೂ ಎಡಕ್ಕೇ ಸುತ್ತಿ, ಬಂದ ಬಾಗಿಲಿಗೆ ನೇರ ವಾಪಸ್ಸು. ಬೇಗ ಬಂದವರು ಗೆದ್ದ ಹಾಗೆ. ಪೀಪಾಯಿ ತಾಗಿ ಉರುಳಿದರೆ ಒಂದಕ್ಕೆ ಐದು ಸೆಕೆಂಡು ದಂಡ. ಬ್ಯಾರೆಲ್ ರೇಸ್ ಅಂತ ಅದರ ಹೆಸರು. ಶಿರಾದ ಕಡೆ ಹೆದ್ದಾರಿಯ ಪಕ್ಕ ಕುದುರೆ ಸವಾರಿ ಕಲಿಸುವ ಶಾಲೆಯೊಂದು ಆಗಿತ್ತಲ್ಲ, ಅಲ್ಲಿ ಮಕ್ಕಳಿಗೆ ಇದನ್ನೇ ಇಡುತ್ತಾರಂತೆ, ಯಾರು ಬೇಕಾದರೂ ಸ್ವಂತ ಕುದುರೆ ತಂದು ಸೇರಬಹುದಂತೆ.

"ತಾತ, ಇದು ಹೆಣ್ಮಕ್ಳು ಆಡೋ ಆಟ" ಅಂತ ಸಿಂಚು ಅವರಿಗೆ ತೋರಿಸಿದಳು.

ಬೀಗರು ಮೊಬೈಲನ್ನು ಕೈಯಳತೆಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ಗಂಡುಮಕ್ಳನ್ನ ಹೊತ್ತು ಹೊತ್ತು ಸಾಕಾಗೈತೆ ಅಮ್ಮಣ್ಣಿಗೆ. ಒಂದು ಹೆಣ್ಮಗೀನ ಹೊರ್ಲಿ ಬುಡು" ಅಂದರು.

ಕ್ಯಾತಗಾನಚೆರ್ಲು ಕಡೆ, ಸೋಲಾರ್ ಹಾಕಿದ ಜಾಗದ ರಸ್ತೆ ಕೆಲಸ ಮುಗಿದ ಮೇಲೆ ಬಿಸಾಕಿದ್ದ ಮೂರು ಡಾಂಬರು ಪೀಪಾಯಿಗಳನ್ನು ಅಳಿಯ ಟೆಂಪೋದಲ್ಲಿ ಹಾಕಿಕೊಂಡು ಬಂದ. ರಾಗಿ ಕೊಯ್ದ ಹೊಲದಲ್ಲಿ ಅವನ್ನು ನಿಲ್ಲಿಸಿದರು. ನನಗೆ ಸುದ್ದಿ ಮುಟ್ಟಿತು. ನಾನು ಒಬ್ಬಟ್ಟು ಮಾಡಿಕೊಂಡು ಹೊರಟೆ. ಒಬ್ಬಟ್ಟು ತಿಂದು ಬಾಯಿ ಸಿಹಿಯಾದ ಹೊತ್ತಿಗೆ, ಮಗುವನ್ನು ಕುದುರೆಯಿಂದ ಇಳಿಸಿ ಅಂತ ಬೀಗರಿಗೆ ಹೇಳುವುದು ನನ್ನ ಉಪಾಯ.

ಹೊಲಕ್ಕೆ ಹೋದರೆ ಯಾರೂ ಇರಲಿಲ್ಲ. ಬಿಸಿಲಲ್ಲಿ ನಡೆದು ಬಂದಿದ್ದೆ. ತುದಿಯ ಪೀಪಾಯಿಯ ಮೇಲೆ ಕುಂಡಿ ಊರಿ ಕೂತು, ಒಬ್ಬಟ್ಟಿನ ಡಬ್ಬಿ ತೆಗೆದು, ರುಚಿ ಸರಿಯಾಗಿದೆಯೋ ನೋಡೋಣ ಅಂತ ಒಂದನ್ನು ಬಾಯಿಗಿಟ್ಟೆ. ತಲೆಯೆತ್ತಿದರೆ ಬೇಲಿಯ ಆಚೆಯಿಂದ ಸಿಂಚುವನ್ನು ಹೊತ್ತ ಅಮ್ಮಣ್ಣಿ ಬರುತ್ತಿದೆ. ಮೊದಲ ಪೀಪಾಯಿ ಸುತ್ತಿತು. ಎರಡನೆಯದು ಸುತ್ತಿತು. ನೇರ ನನ್ನ ಕಡೆಗೇ ತಿರುಗಿತು. ನಾನು ಏಳಲು ನೋಡಿದೆ.

"ಏಳ್ಬ್ಯಾಡಿ ಬೀಗ್ತಮ್ಮಾ!" ಬೀಗರು ದೂರದಿಂದ ಕೂಗಿದರು. "ಎದ್ದು ಪೀಪಾಯಿ ಉಳ್ಡುಸಿದ್ರೆ ಮಗೀಗೆ ಐದು ಸೆಕೆಂಡು ದಂಡ!"

ಕುದುರೆ ನನ್ನನ್ನು ಸುತ್ತಿತು. ನಾನು ಕಣ್ಣು ಮುಚ್ಚಿ, ಬಾಯಲ್ಲಿ ಒಬ್ಬಟ್ಟು ಇಟ್ಟುಕೊಂಡು, ದೇವರ ಹಾಗೆ ಕೂತಿದ್ದೆ. ಅದು ಹೋದ ಮೇಲೆ ಏಳೋಣವೆಂದರೆ ಬಿಸಿಲಿಗೆ ಡಾಂಬರು ಕರಗಿ ಸೀರೆ ಹಿಡಿದುಕೊಂಡಿದೆ. ತಾತ ಮೊಮ್ಮಗಳು ಇಬ್ಬರೂ ಸೇರಿ ನನ್ನನ್ನು ಪೀಪಾಯಿಯಿಂದ ಬಿಡಿಸಿದರು. ಒಂದು ಒಳ್ಳೆಯ ಸೀರೆ ಅಲ್ಲೇ ಮುಗಿಯಿತು. ಆ ಪೀಪಾಯಿಗೆ ಸಿಂಚು 'ಅಜ್ಜಿ ಪೀಪಾಯಿ' ಅಂತ ಹೆಸರಿಟ್ಟಳು. ಇವತ್ತಿಗೂ ಅದೇ ಹೆಸರು.

ಅಂದೇ ಮರದ ನೆರಳಲ್ಲಿ ಕೂತು ನಾನು ಹೇಳಬೇಕಾದ್ದನ್ನು ಹೇಳಿಬಿಟ್ಟೆ. "ಬೀಗರೇ, ಹೆಣ್ಮಗು. ಬಿದ್ದು ಕೈಕಾಲು ಮುರ್ಕಂಡ್ರೆ ಹೆಂಗೆ? ಬ್ಯಾಡ ಬುಡಿ."

ಅವರು ಒಬ್ಬಟ್ಟನ್ನು ಮುರಿದು ಅರ್ಧ ತಾವು ತಿಂದರು, ಅರ್ಧ ಅಂಗೈಯಲ್ಲಿಟ್ಟು ಅಮ್ಮಣ್ಣಿಯ ಕಡೆ ಚಾಚಿದರು. "ಬೀಗ್ತಮ್ಮ, ನನ್ನ ಮಂಡಿ ಹೋಗೈತೆ. ಎದೆ ಡಾಕ್ಟ್ರು ಏನೇನೋ ಹೇಳ್ತಾವ್ರೆ. ಈಗ ಮದುವೇಗೆ ಕುದ್ರೆ ಯಾರಿಗೂ ಬ್ಯಾಡ, ಡೀಜೆ ಗಾಡಿ ಬೇಕು, ಮೇಲ್ಗಡೆ ತೆಗೆದಿರೋ ಜೀಪು ಬೇಕು. ಇದು ಹುಟ್ದಾಗ್ಲಿಂದ ಇನ್ನೊಬ್ರ ಮದುವೇಲಿ ನಡ್ದಿದ್ದೇ ಆಯ್ತು. ಒಂದೇ ಒಂದ್ಸತಿ ಬೆನ್ನ ಮೇಲೆ ಆಳಿಟ್ಕಂಡು ಮೈ ಬಿಟ್ಟು ಓಡ್ಲಿ. ಅದನ್ನ ನಾನು ಕಣ್ಣಲ್ಲಿ ನೋಡ್ಬೇಕು. ಅಷ್ಟೇಯ."

ನಾನು ಡಬ್ಬಿಯ ಮುಚ್ಚಳ ಮುಚ್ಚಿದೆ. ಹಾಗಂತ ಬಾಯಿ ಮುಚ್ಚಿ ಕೂತೆ ಅಂತಲ್ಲ. ಮನೆಗೆ ಬಂದು ಮಗಳ ತಲೆ ತಿಂದೆ. ಆದರೆ ಬೀಗರ ಮುಂದೆ ಮತ್ತೆ ಬೇಡ ಅನ್ನಲಿಲ್ಲ.

ಅವರು ಕಲಿಸುವ ರೀತಿ ನೋಡಿದರೆ ಗೆಲ್ಲುವವರ ಹಾಗೆ ಇರಲಿಲ್ಲ. ತಿಂಗಳುಗಟ್ಟಲೆ ಬರೀ ನಡಿಗೆ. ಬಲಕ್ಕೊಂದು, ಎಡಕ್ಕೆರಡು, ಸುತ್ತಿ ಬಂದು ಬೇಲಿಯ ಬಾಗಿಲಲ್ಲಿ ಹುರುಳಿ. "ಪೀಪಾಯಿ ನೋಡ್ಬ್ಯಾಡ ಕಣಮ್ಮಿ, ಅದರ ಮುಂದಿನ ದಾರಿ ನೋಡು. ನೀನು ಎಲ್ಲಿ ನೋಡ್ತೀಯೋ ಅದು ಅಲ್ಲಿಗೆ ಹೋಗ್ತದೆ" ಅಂತ ಸಿಂಚುವಿಗೆ ಹೇಳುವರು. ಆದರೆ ಅಮ್ಮಣ್ಣಿ ಕುಕ್ಕುಲೋಟಕ್ಕಿಂತ ಮೇಲಕ್ಕೆ ಏರಲೇ ಇಲ್ಲ. ಬೆನ್ನ ಮೇಲೆ ಯಾರೂ ಇಲ್ಲದಾಗ ಬಿಟ್ಟರೆ ಗಾಳಿಯ ಹಾಗೆ ಹೋಗುವಳು, ಬೆನ್ನ ಮೇಲೆ ಆಳು ಕೂತರೆ ಮುಗಿಯಿತು, ಹುಷಾರು. "ಮೈದಾನದಲ್ಲಿ ಬ್ಯಾರೆ ಕುದ್ರೆ ಕಂಡ್ರೆ ಓಡ್ತದೆ" ಅಂತ ಬೀಗರು ಹೇಳುತ್ತಿದ್ದರು. ಹೇಳುವಾಗ ಅವರ ಕೈ ಎದೆ ಉಜ್ಜುತ್ತಿತ್ತು.

ರೇಸಿನ ದಿನ ಬಂತು. ಟೆಂಪೋದಲ್ಲಿ ಕುದುರೆ, ಹಿಂದಿನ ಬಸ್ಸಿನಲ್ಲಿ ನಾನು ಮತ್ತು ಮಗಳು. ಮೈದಾನಕ್ಕೆ ಹೋಗಿ ನೋಡಿದರೆ ಪಟ್ಟಣದ ಮಕ್ಕಳು, ಮೊಣಕಾಲುದ್ದದ ಬೂಟು, ಮಿರಮಿರ ಮಿಂಚುವ ಎತ್ತರದ ಕುದುರೆಗಳು. ಒಬ್ಬರ ತಲೆಯಲ್ಲೂ ಒಂದು ಎಸಳು ಹೂವಿಲ್ಲ. ನನಗೆ ಸಂಕಟವಾಯಿತು. ಎಷ್ಟು ಜನದ ಕಣ್ಣು ಬೀಳುವ ಜಾಗ! ನಮ್ಮ ಹುಡುಗಿ ಬೋಳುತಲೆಯಲ್ಲಿ ಹೋಗುವುದೇ? ನಾನು ಮಧುಗಿರಿಯಿಂದಲೇ ಮಲ್ಲಿಗೆ, ಮರುಗ, ಕನಕಾಂಬರ ಸೇರಿಸಿ ಕಟ್ಟಿಸಿಕೊಂಡು ಬಂದಿದ್ದೆ. ಸಿಂಚು ಬೇಡ ಬೇಡ ಅಂದರೂ ಬಿಡದೆ, ಹೆಲ್ಮೆಟ್ಟಿನ ಕೆಳಗೆ ಜಡೆಯ ಬುಡದಿಂದ ತುದಿಯವರೆಗೆ ಒಂದು ಮಾರು ಹೂ ಸುತ್ತಿದೆ. ಮುಗಿಸಿ ದೂರ ನಿಂತು ನೋಡಿದೆ. ಮದುವಣಗಿತ್ತಿ ಹಾಗೆ ಕಂಡಳು. ಬೀಗರು ಆಗ ಟೆಂಪೋದ ಹತ್ತಿರ ಜೀನಿನ ಪಟ್ಟಿ ಬಿಗಿಸುತ್ತಿದ್ದರು, ಹೂ ಅವರ ಕಣ್ಣಿಗೆ ಬೀಳಲಿಲ್ಲ.

ಒಬ್ಬೊಬ್ಬರಿಗೆ ಎರಡು ಸಲ ಓಡುವ ಅವಕಾಶ. ಪಟ್ಟಣದ ಮಕ್ಕಳು ಒಬ್ಬೊಬ್ಬರೇ ಹೋದರು, ಧೂಳೆಬ್ಬಿಸಿದರು, ಬಂದರು. ಕರಿಯ ಹಲಗೆಯ ಮೇಲೆ ಕೆಂಪು ದೀಪದ ಅಂಕಿ ಹೊಳೆಯುತ್ತಿತ್ತು. ಆಮೇಲೆ ಮೈಕಿನಲ್ಲಿ ನಮ್ಮ ಸಿಂಚುವಿನ ಹೆಸರು ಕೂಗಿದರು.

ಅಮ್ಮಣ್ಣಿ ಬಾಗಿಲಲ್ಲಿ ಚೆನ್ನಾಗಿಯೇ ಹೊರಟಳು. ಸಿಂಚು ಮುಂದಕ್ಕೆ ಬಾಗಿದಳು. ಬಾಗಿದಾಗ ಆ ಮಾರುದ್ದದ ಹೂವಿನ ಜಡೆ ಭುಜದ ಮೇಲಿಂದ ಜಾರಿ ಕುದುರೆಯ ಕೊರಳ ಮೇಲೆ ಬಿತ್ತು. ಕೊರಳಿಗೆ ಹೂ ತಾಗಿತು, ಮೂಗಿಗೆ ಮಲ್ಲಿಗೆ ಬಡಿಯಿತು. ಅಮ್ಮಣ್ಣಿಯ ತಲೆ ಬಾಗಿತು. ಎತ್ತಿದ ಕಾಲು ಗಾಳಿಯಲ್ಲೇ ನಿಂತು, ಮೆಲ್ಲಗೆ ಊರಿತು.

ಮೆರವಣಿಗೆ ಶುರುವಾಯಿತು. ಸಿಂಚು ಹಿಮ್ಮಡಿ ಒತ್ತಿದಳು, ಕೂಗಿದಳು, ಬೇಡಿಕೊಂಡಳು. ಅಮ್ಮಣ್ಣಿ ಒಂದೊಂದು ಪೀಪಾಯಿಯನ್ನೂ ದೇವರ ಗುಡಿ ಸುತ್ತುವ ಹಾಗೆ ಸುತ್ತಿದಳು. ಜನ ನಗುತ್ತಿದ್ದ ಕಡೆ ನಿಂತು ಎರಡು ಕುಣಿತವನ್ನೂ ಹಾಕಿದಳು. ಮೈಕಿನವನು, "ಇದು ರೇಸು ಕಣಮ್ಮ, ರಿಸೆಪ್ಷನ್ ಅಲ್ಲ" ಅಂದ. ಮೈದಾನಕ್ಕೆ ಮೈದಾನವೇ ನಕ್ಕಿತು. ನಾನೂ ನಕ್ಕೆ. ಎಲ್ಲರಿಗೂ ಖುಷಿಯಾಗಿದೆ ಅಂದುಕೊಂಡೆ. ಹಲಗೆಯ ಮೇಲೆ ನಮ್ಮ ಅಂಕಿ ಏರಿತು, ಏರಿತು, ಬೇರೆ ಯಾರಿಗೂ ಬಾರದಷ್ಟು ದೊಡ್ಡದಾಯಿತು. ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ಸೆರಗಿನ ಗಂಟು ಬಿಚ್ಚಿ, ಪಕ್ಕದಲ್ಲಿ ಕೂತಿದ್ದ ಪಟ್ಟಣದ ಹೆಂಗಸರಿಗೆಲ್ಲ ಕಲ್ಲುಸಕ್ಕರೆ ಹಂಚಿದೆ.

"ನಮ್ ಮಗೀಗೇ ಜಾಸ್ತಿ ಬಂದೈತೆ, ತಗೊಳ್ಳಿ, ತಗೊಳ್ಳಿ."

ಪಾಪ, ಅವರೂ ತೆಗೆದುಕೊಂಡರು. ಮಗಳು ನನ್ನ ಸೆರಗು ಹಿಡಿದು ಎಳೆದು ಕೂರಿಸಿ, "ಅವ್ವಾ, ಕಮ್ಮಿ ಬಂದೋರು ಗೆಲ್ಲಾದು. ಕೂತ್ಕೊ, ಮಾನ ಹೋಯ್ತು" ಅಂದಳು. ಆ ಕಲ್ಲುಸಕ್ಕರೆ ನನ್ನ ಬಾಯಲ್ಲಿ ಆಮೇಲೆ ಬಹಳ ಹೊತ್ತು ಕರಗಲಿಲ್ಲ.

ಟೆಂಪೋದ ನೆರಳಿಗೆ ಓಡಿದೆ. ಸಿಂಚು ಅಮ್ಮಣ್ಣಿಯ ಹೊಟ್ಟೆಗೆ ಮುಖ ಒತ್ತಿ ಅಳುತ್ತಿದ್ದಳು. ಬೀಗರು ಜೀನಿನ ಪಟ್ಟಿ ಸಡಿಲಿಸುತ್ತಿದ್ದರು. ಎದುರಿಗೆ ಇನ್ನೊಂದೇ ಓಟ. ಅದೂ ಹೀಗೆಯೇ ಆದರೆ ಆ ಮಗು ಮತ್ತೆ ಕುದುರೆ ಹತ್ತುವುದಿಲ್ಲ ಅಂತ ಅವಳ ಬೆನ್ನು ನೋಡಿದರೇ ತಿಳಿಯುತ್ತಿತ್ತು. ಬೀಗರಿಗಂತೂ ಇನ್ನೊಂದು ವರ್ಷ ಅನ್ನುವುದು ಕೈಯಲ್ಲಿರಲಿಲ್ಲ. ಅವರ ಕಣ್ಣು ಮೆಲ್ಲಗೆ ಜಡೆಯ ಮೇಲೆ ಹೋಯಿತು. ಹೂ ಮುಟ್ಟಿ ಬೆರಳು ಮೂಸಿದರು.

"ಇದನ್ನ ಯಾರು ಮುಡ್ಸಿದ್ದು?"

"ನಾನೇ ಬೀಗರೇ. ಯಾಕೆ, ಒಂದು ಮಾರು ಕಮ್ಮಿ ಆಯ್ತಾ?"

ಅಳುತ್ತಿದ್ದ ಸಿಂಚುವೇ ಫಕ್ಕನೆ ನಕ್ಕುಬಿಟ್ಟಳು. ಬೀಗರಿಗೆ ನಗು ಬಂದು, ನಗುವಿಗೆ ಕೆಮ್ಮು ಬಂದು, ಕೆಮ್ಮು ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು. ನಿಂತ ಮೇಲೆ ಮುಖ ಬೇರೆಯೇ ಆಗಿತ್ತು. ಜಡೆಯಿಂದ ಹೂವಿನ ಸರವನ್ನು ಜೋಪಾನವಾಗಿ ಬಿಡಿಸಿಕೊಂಡರು.

"ಬೀಗ್ತಮ್ಮ, ನಾನು ದಡ್ಡ. ಇಷ್ಟು ದಿನ ಹಾರ ಹಾಕ್ದೆ ಹತ್ತುಸ್ತಿದ್ದೆ. ಅದಕ್ಕೆ ಇದು ಮದುವೇನೋ ಮನೇನೋ ಗೊತ್ತೇ ಆಗ್ತಿರ್ಲಿಲ್ಲ. ಹಾರ ಹಾಕ್ಬೇಕು, ಹಾಕಿ ತೆಗೀಬೇಕು. ತೆಗೆದ್ರೆ ಮದುವೆ ಮುಗೀತು, ಇನ್ನು ಮನೆ ಅಂತ ಅದಕ್ಕೆ ತಿಳೀತದೆ. ಆ ಮೂರು ಪೀಪಾಯಿ ಸುತ್ತಿದ್ರೇನೇ ಮನೆ ಬಾಗ್ಲು ಸಿಗಾದು, ಹುರುಳಿ ಸಿಗಾದು ಅಂತ ಆಗ್ಲೇ ಗೊತ್ತು."

"ಸರಿ, ತೆಗೀರಿ."

"ನಾನು ತೆಗೆದ್ರೆ ಆಗಾಕಿಲ್ಲ. ಅದು ಹುಟ್ದಾಗಿಂದ ಹಾರ ತೆಗ್ದಿರಾದು ಹೆಂಗಸ್ರ ಕೈ. ರೇಷ್ಮೆ ಸೀರೆ, ಬಳೆ ಸದ್ದು, ಬೆಲ್ಲ. ನೀವೇ ತೆಗೀಬೇಕು."

ನಾನು ಮಗಳ ಕಡೆ ಕೈ ತೋರಿಸಿದೆ. ಅವಳು ಚೂಡಿದಾರದಲ್ಲಿದ್ದಳು, ಕೈಯಲ್ಲಿ ಬಳೆಯಿಲ್ಲ, ವಾಚಿತ್ತು. ಆ ಮೈದಾನಕ್ಕೆಲ್ಲ ರೇಷ್ಮೆ ಸೀರೆ ಉಟ್ಟು ಬಂದಿದ್ದವಳು ನಾನೊಬ್ಬಳೇ. ಮೊಮ್ಮಗಳ ರೇಸಿಗೆ ಅಂತ ಪೆಟ್ಟಿಗೆಯ ತಳದಿಂದ ತೆಗೆದು ಉಟ್ಟಿದ್ದೆ. ಕೈತುಂಬ ಬಳೆಯನ್ನೂ ಇಟ್ಟಿದ್ದೆ.

ಎರಡನೆಯ ಸಲ ಹೆಸರು ಕೂಗಿದರು. ಬಾಗಿಲ ಹತ್ತಿರ ಅಮ್ಮಣ್ಣಿ ನಿಂತಿದ್ದಳು, ಬೆನ್ನ ಮೇಲೆ ಸಿಂಚು, ಕೊರಳಲ್ಲಿ ನನ್ನ ಹೂ. ನಾನು ಒಂದು ಹೆಜ್ಜೆ ಇಟ್ಟೆ, ಅರ್ಧ ಹೆಜ್ಜೆ ಹಿಂದೆ ಬಂದೆ. ಬೀಗರು ನನ್ನ ಎಡಕ್ಕೆ ಬಂದು ನಿಂತರು, ಬಲಗೈ ಅರ್ಧ ಎತ್ತಿಕೊಂಡು. ನಾಲಗೆಯಲ್ಲಿ ಮೆಲ್ಲಗೆ 'ಟಕ್' ಅಂದರು. ನನ್ನ ಕಾಲುಗಳು ತಾವಾಗಿಯೇ ನಡೆದವು.

ಹಾರ ತೆಗೆದೆ. ಬೆಲ್ಲ ಚಾಚಿದೆ. ಅಂಗೈಗೆ ಆ ತುಟಿ ತಾಗಿದಾಗ ಅಷ್ಟು ಮೆತ್ತಗಿರುತ್ತದೆ ಅಂತ ನನಗೆ ಅದುವರೆಗೂ ಗೊತ್ತಿರಲಿಲ್ಲ. ಬಿಸಿ ಇಡ್ಲಿಯನ್ನು ಮುಟ್ಟಿದ ಹಾಗೆ. ಬೀಗರು ಅದರ ಕಿವಿಗೆ, "ಪದಮ್ಮಾ, ಇಂಟಿಕಿ" ಅಂದರು.

ಅಮ್ಮಣ್ಣಿ ಓಡಿದಳು. ಓಡಿದಳು ಅಂತ ಬರೆದರೆ ಸಾಲದು. ನಾನು ಹಿಡಿದಿದ್ದ ಹಾರ ಗಾಳಿಗೆ ನನ್ನ ಮುಖಕ್ಕೆ ಬಡಿಯಿತು, ಅದನ್ನು ತೆಗೆಯುವಷ್ಟರಲ್ಲಿ ಮೊದಲ ಪೀಪಾಯಿ ಮುಗಿದಿತ್ತು. ನೆಲಕ್ಕೆ ಒರಗುವ ಹಾಗೆ ಬಾಗಿ ಎರಡನೆಯದನ್ನು ಸುತ್ತಿದಳು. ಸಿಂಚುವಿನ ಮೊಣಕಾಲು ತಾಗಿ ಪೀಪಾಯಿ ಉರುಳಿತು. ಉರುಳಲಿ. ಮೂರನೆಯದನ್ನು ಸುತ್ತಿ ಬಾಲ ಮೇಲಕ್ಕೆತ್ತಿ ವಾಪಸ್ಸು ಬರುವಾಗ ಆ ಬಿಳಿ ಕುದುರೆ ನೆಲ ಮುಟ್ಟುತ್ತಿದೆಯೋ ಇಲ್ಲವೋ ನನಗೆ ಕಾಣಲಿಲ್ಲ. ಕಣ್ಣಲ್ಲಿ ನೀರಿತ್ತು, ಮೂಗಲ್ಲಿ ಮಲ್ಲಿಗೆ ಇತ್ತು. ಬಾಗಿಲು ದಾಟಿಯೂ ನಿಲ್ಲದೆ ಅವಳು ನೇರ ಟೆಂಪೋ ಹತ್ತಲು ಹೋದಳು.

ಎರಡು ಓಟದ ಲೆಕ್ಕ ಸೇರಿಸಿ ನಾವೇ ಎಲ್ಲರಿಗಿಂತ ಕೊನೆ. ಆ ಐದು ಸೆಕೆಂಡು ದಂಡವನ್ನು ಮಗುವಿಗೆ ಹಾಕಬೇಡಿ, ನನಗೆ ಹಾಕಿ ಅಂತ ಹಲಗೆಯ ಹತ್ತಿರ ಕೂತಿದ್ದವನ ಜೊತೆ ನಾನು ಜಗಳಕ್ಕೇ ನಿಂತೆ. ಅಜ್ಜಿ, ನೀವು ಓಡಿಲ್ಲ ಅಂದ. ಓಡಿಸಿದ್ದು ನಾನೇ ಅಂದೆ.

ಬೀಗರು ಹಲಗೆಯ ಕಡೆ ತಿರುಗಿಯೂ ನೋಡಲಿಲ್ಲ. ಕುದುರೆ ಹೋದ ದಾರಿಯ ಧೂಳನ್ನು ನೋಡುತ್ತಾ ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಚೂಸಿನಾರಾ, ಬೀಗ್ತಮ್ಮಾ?" ಅಂದರು. ನೋಡಿದಿರಾ ಅಂತ. ನನ್ನ ಜೊತೆ ಅವರು ತೆಲುಗು ಆಡಿದ್ದು ಅದೊಂದೇ ಸಲ.

ಹೋದ ವರ್ಷ ಶ್ರಾವಣದಲ್ಲಿ ಅವರು ತೀರಿಕೊಂಡರು. ಊಟ ಮಾಡಿ ಜಗಲಿಯಲ್ಲಿ ಒರಗಿದವರು ಹಾಗೆಯೇ ಹೋದರು. ಅಮ್ಮಣ್ಣಿಯನ್ನು ಮಾರುವ ಮಾತು ಬಂದಾಗ ಬೇಡವೆಂದು ಅಡ್ಡ ನಿಂತವಳು ನಾನು. ಅಡ್ಡ ನಿಲ್ಲುವುದು ನನಗೆ ಚೆನ್ನಾಗಿ ಬರುತ್ತದಲ್ಲ! ಆಮೇಲಿನಿಂದ ಪ್ರತಿ ರೇಸಿಗೂ ರೇಷ್ಮೆ ಸೀರೆ ಉಟ್ಟು ಹೋಗುತ್ತೇನೆ, ಬಾಗಿಲಲ್ಲಿ ಹಾರ ತೆಗೆಯುತ್ತೇನೆ. ಪಟ್ಟಣದ ಮಕ್ಕಳು ನನ್ನನ್ನು ಸಿಂಚನಳ ಕೋಚ್ ಅಂದುಕೊಂಡಿದ್ದಾರೆ. ನಾನೂ ಇಲ್ಲ ಅಂದಿಲ್ಲ.

ಮೊನ್ನೆ ಸಿಂಚು ಮೂರನೆಯವಳಾಗಿ ಬಂದಳು. ಕಂಚಿನ ಮೆಡಲ್. ಊರಿಗೆ ಬಂದು ಟೆಂಪೋದಿಂದ ಅಮ್ಮಣ್ಣಿಯನ್ನು ಇಳಿಸಿ, ಗೆದ್ದದ್ದು ನೀನೇ ಅಂತ ಮೆಡಲನ್ನು ತೆಗೆದು ಅವಳ ಕೊರಳಿಗೇ ಹಾಕಿದಳು.

ಇನ್ನೇನು! ತಲೆ ಬಾಗಿತು, ಕಾಲು ಗಾಳಿಯಲ್ಲಿ ನಿಂತಿತು. ಊರ ಬಾಗಿಲಿನಿಂದ ಮನೆಯ ತನಕ ಅಮ್ಮಣ್ಣಿ ಬೆನ್ನ ಮೇಲೆ ಯಾರೂ ಇಲ್ಲದೆ ಮೆರವಣಿಗೆ ಬಂದಳು. ಜನ ಮನೆಗಳಿಂದ ಹೊರಗೆ ಬಂದು ನಿಂತರು. ಬೀಗರು ಒರಗುತ್ತಿದ್ದ ಜಗಲಿಯ ಮುಂದೆ ಬಂದು ನಿಂತು, ಕತ್ತು ತಿರುಗಿಸಿ ನನ್ನ ಕಡೆ ನೋಡಿದಳು. ಯಾರೂ ಹೇಳದೆಯೇ ನಾನು ಒಳಗಿಂದ ಬೆಲ್ಲ ತಂದೆ. ಮೆಡಲ್ ತೆಗೆದೆ. ಕೈಯಲ್ಲಿ ಬೆಲ್ಲ ಇದ್ದದ್ದರಿಂದ ಮೆಡಲನ್ನು ನನ್ನ ಕೊರಳಿಗೇ ಹಾಕಿಕೊಂಡೆ. ಆ ಕಿವಿಗೆ ಬಾಯಿಟ್ಟು, ನನಗೆ ಬಂದಷ್ಟು ತೆಲುಗಿನಲ್ಲಿ, "ಪದಮ್ಮಾ, ಇಂಟಿಕಿ" ಅಂದೆ.

ಕೊಟ್ಟಿಗೆ ಅಲ್ಲೇ ಪಕ್ಕದಲ್ಲಿತ್ತು. ಅಮ್ಮಣ್ಣಿ ಅದರ ಕಡೆ ನೋಡಲೂ ಇಲ್ಲ. ಮನೆಯ ಹಿಂದಿನ ಹೊಲಕ್ಕೆ ನುಗ್ಗಿದಳು. ಬಲಕ್ಕೊಂದು, ಎಡಕ್ಕೊಂದು, ತುದಿಯಲ್ಲಿ ಅಜ್ಜಿ ಪೀಪಾಯಿ, ಮೂರನ್ನೂ ಮೈ ಬಿಟ್ಟು ಓಡಿ ಸುತ್ತಿ ಬಂದು, ಆಮೇಲೆಯೇ ಮನೆ ಸೇರಿದಳು.

ಮೆಡಲ್ ನನ್ನ ಕೊರಳಲ್ಲೇ ಉಳಿಯಿತು. ಅದನ್ನು ಹಾಕಿಕೊಂಡೇ ಮಧುಗಿರಿಗೆ ಬಂದೆ, ಬಸ್ ಸ್ಟ್ಯಾಂಡಿನಿಂದ ಮನೆಗೆ ನಡೆದೆ. ಯಾಕೋ ಹೆಜ್ಜೆ ಬಹಳ ನಿಧಾನವಾಗಿದೆ. ಮಗಳು ಫೋನಿನಲ್ಲಿ, "ಅವ್ವಾ, ಇನ್ನೂ ಹಾಕ್ಕಂಡಿದ್ದೀಯಾ? ತೆಗ್ದಿಡು, ಜನ ನಗ್ತಾರೆ" ಅನ್ನುತ್ತಾಳೆ. ನಗಲಿ. ಹಾರವನ್ನು ಹಾಕಿಕೊಂಡವರೇ ತೆಗೆಯುವ ಪದ್ಧತಿ ನಮ್ಮ ಬೀಗರಲ್ಲಿ ಇರಲಿಲ್ಲ.